ತಕ್ಕಡಿ ಸರಿಯಿದೆ, ತೂಕದ ಕಲ್ಲು ಯಾರದು?

ಹಲವು ಕಾಯಿಲೆಗಳು ಒಟ್ಟಿಗೆ ಕಾಡುತ್ತಿರುವ ರೋಗಿಗಳಿಗಾಗಿ ಅಮೆರಿಕದ ದೊಡ್ಡ ಆಸ್ಪತ್ರೆಗಳು ಒಂದು ವಿಶೇಷ ಏರ್ಪಾಡು ಇಟ್ಟುಕೊಂಡಿವೆ. ಸಕ್ಕರೆ ಕಾಯಿಲೆಯ ಜೊತೆ ರಕ್ತದೊತ್ತಡ, ಅದರ ಜೊತೆ ಕಿಡ್ನಿ ತೊಂದರೆ ಇರುವವರಿಗೆ ಪ್ರತ್ಯೇಕ ನರ್ಸು, ಬೇಗ ಸಿಗುವ ಅಪಾಯಿಂಟ್‌ಮೆಂಟು, ಔಷಧ ತಪ್ಪದಂತೆ ವಿಚಾರಿಸುವ ಸಿಬ್ಬಂದಿ. ಇದನ್ನು ಎಲ್ಲರಿಗೂ ಕೊಡಲು ಆಗುವುದಿಲ್ಲ. ಹಾಗಾಗಿ ಕಂಪ್ಯೂಟರ್ ಪ್ರೋಗ್ರಾಮೊಂದು ಪ್ರತಿ ರೋಗಿಗೂ ಅಂಕ ಹಾಕುತ್ತದೆ, ಅಂಕ ಹೆಚ್ಚಿದ್ದವರ ಹೆಸರು ಪಟ್ಟಿಗೆ ಸೇರುತ್ತದೆ. ಈ ಬಗೆಯ ಪ್ರೋಗ್ರಾಮುಗಳು ಆ ದೇಶದಲ್ಲಿ ವರ್ಷಕ್ಕೆ ಸುಮಾರು 20 ಕೋಟಿ ಜನರಿಗೆ ಅಂಕ ಹಾಕುತ್ತವೆ ಎಂಬ ಅಂದಾಜಿದೆ.

2019ರ ಅಕ್ಟೋಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಜಿಯಾದ್ ಓಬರ್‌ಮೇಯರ್ ಮತ್ತು ಸಂಗಡಿಗರು ಅಂಥದೊಂದು ಪ್ರೋಗ್ರಾಮಿನ ಲೆಕ್ಕವನ್ನು ಬಿಚ್ಚಿಟ್ಟರು. ಅದು ಆರಿಸಿದ ಪಟ್ಟಿಯಲ್ಲಿ ಕಪ್ಪು ರೋಗಿಗಳು ಶೇ 17.7ರಷ್ಟಿದ್ದರು. ಯಾರಿಗೆ ಎಷ್ಟು ಕಾಯಿಲೆ ಇದೆ ಎಂಬುದನ್ನೇ ನೋಡಿ ಪಟ್ಟಿ ಮಾಡಿದ್ದರೆ ಅದು ಶೇ 46.5 ಆಗಬೇಕಿತ್ತು. ಆದರೆ ಆ ಪ್ರೋಗ್ರಾಮಿಗೆ ರೋಗಿಯ ಬಣ್ಣ ಯಾವುದೆಂದೇ ಗೊತ್ತಿರಲಿಲ್ಲ. ಜನಾಂಗದ ಮಾಹಿತಿಯನ್ನು ಅದಕ್ಕೆ ಕೊಟ್ಟೇ ಇರಲಿಲ್ಲ.

ಹಾಗಾದರೆ ಬಣ್ಣ ಒಳಗೆ ಬಂದದ್ದು ಎಲ್ಲಿಂದ? ರೋಗಿಯ ಅಗತ್ಯ ಎಷ್ಟೆಂದು ತಿಳಿಯಲು ಪ್ರೋಗ್ರಾಮು ಬಳಸಿದ್ದು ಅವರ ಆಸ್ಪತ್ರೆ ಖರ್ಚನ್ನು. ಹೆಚ್ಚು ಖರ್ಚಾಗಲಿರುವವರು ಹೆಚ್ಚು ಕಾಯಿಲೆಯವರು ಎಂಬ ಎಣಿಕೆ. ಮೇಲ್ನೋಟಕ್ಕೆ ಸರಿಯಾಗಿಯೇ ಇದೆ. ಆದರೆ ಅಷ್ಟೇ ಕಾಯಿಲೆಗಳಿರುವ ಬಿಳಿಯ ರೋಗಿಗಿಂತ ಕಪ್ಪು ರೋಗಿಯ ಮೇಲೆ ವರ್ಷಕ್ಕೆ ಸುಮಾರು 1,800 ಡಾಲರ್ ಕಡಿಮೆ ಖರ್ಚಾಗುತ್ತಿತ್ತು. ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಲಾಗದ್ದು, ಬಸ್ಸಿನ ದೂರ, ವೈದ್ಯರ ಮೇಲಿನ ಅಪನಂಬಿಕೆ, ನೋವೆಂದರೆ ನಂಬದೆ ಪರೀಕ್ಷೆ ಬರೆಯದ ವೈದ್ಯರು, ಇವೆಲ್ಲ ಸೇರಿ ಆ ಬಿಲ್ಲನ್ನು ಚಿಕ್ಕದು ಮಾಡಿದ್ದವು. ಚಿಕಿತ್ಸೆ ಸಿಗದಿದ್ದದ್ದನ್ನು ಯಂತ್ರ ಆರೋಗ್ಯವೆಂದು ಓದಿಕೊಂಡಿತು.

ಅದೇ ಸಂಚಿಕೆಯಲ್ಲಿ ಈ ಅಧ್ಯಯನದ ಮೇಲೆ ಟಿಪ್ಪಣಿ ಬರೆದವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ರೂಹಾ ಬೆಂಜಮಿನ್. ಕಪ್ಪು ರೋಗಿಗಳಿಗೆ ಖರ್ಚು ಕಡಿಮೆ ಎಂಬ ಮಾತಿನಲ್ಲೇ ಅವರು ತಪ್ಪು ಹಿಡಿದರು. ಆ ಮಾತು ಕೇಳಿದರೆ ಕಡಿಮೆ ಖರ್ಚಾಗುವುದು ಆ ಜನರ ಗುಣವೇನೋ ಎನ್ನಿಸುತ್ತದೆ, ನಿಜದಲ್ಲಿ ವ್ಯವಸ್ಥೆ ಅವರಿಗೆ ಬೆಲೆ ಕಡಿಮೆ ಕಟ್ಟಿತ್ತು ಎಂದರು. ಇಪ್ಪತ್ತು ವರ್ಷಗಳಿಂದ ಅವರು ಮಾಡುತ್ತ ಬಂದಿರುವ ಕೆಲಸದ ತಿರುಳು ಈ ಒಂದು ತಿದ್ದುಪಡಿಯಲ್ಲಿದೆ. ಅಂಗಡಿಯ ತಕ್ಕಡಿ ಒಂದಿಷ್ಟೂ ವಾಲದೆ ನೆಟ್ಟಗೆ ನಿಂತಿರಬಹುದು. ಇನ್ನೊಂದು ತಟ್ಟೆಯಲ್ಲಿಟ್ಟ ಕಲ್ಲಿನ ತೂಕ ನಿಜವಾಗಿ ಎಷ್ಟು, ಅದನ್ನು ಅಲ್ಲಿ ತಂದಿಟ್ಟವರು ಯಾರು ಎಂದು ಗಿರಾಕಿ ಕೇಳಬೇಕಾಗುತ್ತದೆ.

ಕೃಷ್ಣೆ ಮಹಾಬಳೇಶ್ವರದ ಬೆಟ್ಟ ಇಳಿದು ಬಯಲಿಗೆ ಬರುವಾಗ ಅದರ ದಡದಲ್ಲಿ ಸಿಗುವ ಊರು ವಾಯಿ. ಅದೇ ನೀರು ಮುಂದೆ ನಮ್ಮ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಿಗೆ ಬರುತ್ತದೆ. ಬೆಂಜಮಿನ್ ಹುಟ್ಟಿದ್ದು ಆ ಊರಿನ ಒಂದು ಕ್ಲಿನಿಕ್ಕಿನಲ್ಲಿ. ತಂದೆ ಆಫ್ರಿಕನ್ ಅಮೆರಿಕನ್, ತಾಯಿಯ ಮೂಲ ಭಾರತ ಮತ್ತು ಪರ್ಷಿಯಾ. ಬೆಳೆದದ್ದು ಲಾಸ್ ಏಂಜಲೀಸ್‌ನ ದಕ್ಷಿಣ ಭಾಗ, ಸೌತ್ ಕೆರೊಲೈನಾದ ಕಾನ್ವೇ, ಪೆಸಿಫಿಕ್ ಸಾಗರದ ಮಜುರೊ ದ್ವೀಪ, ಆಫ್ರಿಕಾದ ಸ್ವಾಜಿಲ್ಯಾಂಡ್ ಹೀಗೆ ಬೇರೆ ಬೇರೆ ಕಡೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಪಿಎಚ್‌ಡಿ ಮುಗಿಸಿದರು. 2024ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಸಿಕ್ಕಿತು.

ಪ್ರಿನ್ಸ್‌ಟನ್ನಿನಲ್ಲಿ ಅವರು ಕಟ್ಟಿದ ಪ್ರಯೋಗಾಲಯಕ್ಕೆ ಐಡಾ ಬಿ. ವೆಲ್ಸ್ ಹೆಸರಿದೆ. ಆ ಹೆಸರನ್ನು ಯಾಕೆ ಆರಿಸಿಕೊಂಡರು ಎಂಬುದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1890ರ ದಶಕದಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಗುಂಪು ಕಟ್ಟಿ ಮರಕ್ಕೆ ನೇಣು ಹಾಕುತ್ತಿದ್ದ ಕಾಲದಲ್ಲಿ ವೆಲ್ಸ್ ಎಂಬ ಪತ್ರಕರ್ತೆ ಆ ಕೊಲೆಗಳನ್ನು ಎಣಿಸಲು ಕೂತರು. ಯಾರನ್ನು ಕೊಂದರು, ಎಲ್ಲಿ, ಯಾವ ಆರೋಪ ಹೊರಿಸಿ. 1895ರಲ್ಲಿ ಪ್ರಕಟಿಸಿದ ಲೆಕ್ಕಕ್ಕೆ ಅವರು ಬಳಸಿದ್ದು ಬಿಳಿಯರದೇ ಪತ್ರಿಕೆಯಾದ ‘ಷಿಕಾಗೊ ಟ್ರಿಬ್ಯೂನ್’ ಕೊಟ್ಟ ಅಂಕಿಗಳನ್ನು, ಸುಳ್ಳೆಂದು ಯಾರೂ ತಳ್ಳಿಹಾಕಬಾರದೆಂದು. ಅತ್ಯಾಚಾರಕ್ಕೆ ಶಿಕ್ಷೆಯಾಗಿ ಈ ಕೊಲೆಗಳು ನಡೆಯುತ್ತಿವೆ ಎಂಬ ಸಮರ್ಥನೆಯನ್ನು ಅವರ ಪಟ್ಟಿ ಬುಡಮೇಲು ಮಾಡಿತು. ಅವರ ಮೊಮ್ಮಗ ಟ್ರಾಯ್ ಡಸ್ಟರ್ ಬರ್ಕ್ಲಿಯಲ್ಲೇ ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ತಳಿ ಪರೀಕ್ಷೆಯ ಹೆಸರಿನಲ್ಲಿ ಹಳೆಯ ವಂಶಶುದ್ಧಿಯ ವಾದ ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತದೆ ಎಂದು 1990ರಷ್ಟು ಹಿಂದೆಯೇ ಎಚ್ಚರಿಸಿದ್ದರು.

ಬೆಂಜಮಿನ್ ಹೆಸರು ಸಮಾಜಶಾಸ್ತ್ರದ ವಲಯದಾಚೆಗೂ ಹರಡಿದ್ದು ‘ನ್ಯೂ ಜಿಮ್ ಕೋಡ್’ ಎಂಬ ಮಾತಿನಿಂದ, 2019ರಲ್ಲಿ. ಗುಲಾಮಗಿರಿ ಹೋದ ಮೇಲೆ ದಕ್ಷಿಣದ ರಾಜ್ಯಗಳು ರೈಲಿನ ಡಬ್ಬಿ, ಶಾಲೆ, ಆಸ್ಪತ್ರೆಯ ವಾರ್ಡು ಎಲ್ಲವನ್ನೂ ಬಣ್ಣದ ಮೇಲೆ ಬೇರೆ ಮಾಡಿದ ಕಾನೂನುಗಳಿಗೆ ‘ಜಿಮ್ ಕ್ರೋ’ ಎಂಬ ಹೆಸರಿತ್ತು. 1960ರ ದಶಕದವರೆಗೂ ಅವು ನಡೆದವು. 1951ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಗೆ ಬಂದ ಹೆನ್ರಿಯೆಟಾ ಲ್ಯಾಕ್ಸ್‌ರನ್ನು ಸೇರಿಸಿದ್ದು ಕಪ್ಪು ಜನರ ವಾರ್ಡಿಗೆ. ಅವರನ್ನು ಕೇಳದೆ ತೆಗೆದಿಟ್ಟ ಗಡ್ಡೆಯ ಕಣಗಳು ಇಂದಿಗೂ ಪ್ರಪಂಚದ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ‘ಸೈನ್ಸ್’ ಟಿಪ್ಪಣಿಯಲ್ಲಿ ಬೆಂಜಮಿನ್ ಲ್ಯಾಕ್ಸ್‌ರನ್ನು ನೆನೆಯುತ್ತಾರೆ. ಆಗಿನ ವಾರ್ಡಿಗೆ ಬಾಗಿಲಿತ್ತು, ಬೇಲಿ ಕಣ್ಣಿಗೆ ಕಾಣುತ್ತಿತ್ತು, ಅದರ ಎದುರು ನಿಂತು ಜಗಳ ಮಾಡಬಹುದಿತ್ತು. ಈಗ ಬೇಲಿ ಅಂಕದೊಳಗೆ, ಕಂಪ್ಯೂಟರ್ ಕೋಡಿನೊಳಗೆ ಇದೆ; ‘ನ್ಯೂ ಜಿಮ್ ಕೋಡ್’ ಎಂದರೆ ಇದೇ. ಪಟ್ಟಿಯಿಂದ ಹೊರಗುಳಿದ ರೋಗಿಗೆ ತಾನು ಹೊರಗುಳಿದೆ ಎಂಬುದೂ ತಿಳಿಯುವುದಿಲ್ಲ. ನನ್ನನ್ನು ಅತಿ ಹೆಚ್ಚು ಕಾಡುವ ವಿಷಯ ಇದೇ.

ಜನಾಂಗವನ್ನು ಲೆಕ್ಕದಿಂದ ತೆಗೆದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಆಸ್ಪತ್ರೆಯ ಪ್ರೋಗ್ರಾಮು ಉತ್ತರ ಕೊಟ್ಟಿದೆ. ಜನಾಂಗವನ್ನು ಸೇರಿಸಿಕೊಂಡರೆ ಲೆಕ್ಕ ನಿಖರವಾಗುತ್ತದೆ ಎನ್ನುವವರಿಗೂ ಒಂದು ಉತ್ತರ ಇದೆ. ಕಿಡ್ನಿ ಎಷ್ಟು ಚೆನ್ನಾಗಿ ರಕ್ತ ಸೋಸುತ್ತಿದೆ ಎಂದು ಮಾಂಸಖಂಡದಿಂದ ರಕ್ತಕ್ಕೆ ಬರುವ ಕ್ರಿಯಾಟಿನಿನ್ ಎಂಬ ಕಶ್ಮಲವನ್ನು ನೋಡಿ ಲೆಕ್ಕ ಹಾಕುತ್ತಾರಲ್ಲ, ಆ ಸೂತ್ರದಲ್ಲಿ ಅಮೆರಿಕದ ವೈದ್ಯರು 1999ರಿಂದ ಕಪ್ಪು ರೋಗಿಗಳಿಗೆ ಬೇರೆ ಗುಣಕ ಬಳಸುತ್ತಿದ್ದರು. 2009ರ ಸೂತ್ರದಲ್ಲಿ ಆ ಗುಣಕ 1.159. ಕಪ್ಪು ಜನರಿಗೆ ಮಾಂಸಖಂಡ ಹೆಚ್ಚು, ಹಾಗಾಗಿ ಕ್ರಿಯಾಟಿನಿನ್ ಸಹಜವಾಗಿಯೇ ಹೆಚ್ಚು ಎಂಬುದು ಅದರ ಹಿಂದಿನ ಊಹೆ. ಪರಿಣಾಮ ಏನಾಗುತ್ತಿತ್ತು ನೋಡಿ. ಕಿಡ್ನಿ ಕಸಿಗಾಗಿ ಕಾಯುವವರ ಸರತಿ ಶುರುವಾಗುವುದು ಈ ಅಂಕ 20ಕ್ಕೆ ಇಳಿದಾಗ. ರೋಗಿಯ ಅಂಕ 19 ಬಂದಿದೆ ಎನ್ನಿ. ಬಿಳಿಯರಾದರೆ ಅಂದೇ ಸರತಿಯಲ್ಲಿ ನಿಂತಂತೆ. ಕಪ್ಪು ಜನರಾದರೆ 19ನ್ನು 1.159ರಿಂದ ಗುಣಿಸುತ್ತಾರೆ, 22 ಆಗುತ್ತದೆ, ಇನ್ನಷ್ಟು ಕೆಡಲಿ ಎಂದು ಮನೆಗೆ ಕಳಿಸುತ್ತಾರೆ. ಒಬ್ಬ ಬಿಳಿಯ ತಾಯಿ, ಒಬ್ಬ ಕಪ್ಪು ತಂದೆಯ ಮಗನನ್ನು ಯಾವ ಅಂಕಣದಲ್ಲಿ ಬರೆಯಬೇಕು? ಸೂತ್ರದಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ವೈದ್ಯಕೀಯ ವಿದ್ಯಾರ್ಥಿಗಳು ತರಗತಿಯಲ್ಲಿ ಎದ್ದು ನಿಂತು ಯಾಕೆ ಎಂದು ಕೇಳಲು ಶುರುಮಾಡಿದ ಮೇಲೆ ಇದು ಬದಲಾಯಿತು. 2021ರಲ್ಲಿ ಜನಾಂಗ ಇಲ್ಲದ ಹೊಸ ಸೂತ್ರ ಬಂತು. 2023ರ ಜನವರಿಯಿಂದ ಅಮೆರಿಕದ ಕಸಿ ಆಸ್ಪತ್ರೆಗಳು ಹಳೆಯ ಕಡತ ತೆಗೆದು, ಕಪ್ಪು ರೋಗಿಗಳು ಕಳೆದುಕೊಂಡ ಕಾಯುವಿಕೆಯ ದಿನಗಳನ್ನು ಮರಳಿ ಸೇರಿಸಬೇಕಾಯಿತು. 14 ಸಾವಿರಕ್ಕೂ ಹೆಚ್ಚು ಜನರ ಸರತಿ ಮುಂದಕ್ಕೆ ಬಂತು. ಅದಕ್ಕೂ ಮೊದಲು ಕಾಯುತ್ತಲೇ ತೀರಿಕೊಂಡವರಿಗೆ ಯಾವ ದಿನವನ್ನೂ ಸೇರಿಸಲು ಆಗಲಿಲ್ಲ.

ಉಸಿರಿನ ಬಲ ಅಳೆಯುವ ಸ್ಪೈರೋಮೀಟರಿನ ಕಥೆ ಇನ್ನೂ ಹಳೆಯದು. ಗುಲಾಮಗಿರಿಯ ಕಾಲದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಕಪ್ಪು ಜನರ ಶ್ವಾಸಕೋಶದ ಸಾಮರ್ಥ್ಯ ಶೇ 20ರಷ್ಟು ಕಡಿಮೆ ಎಂದು ಬರೆದು, ಹೊಲದ ದುಡಿಮೆಯೇ ಅವರಿಗೆ ಔಷಧ ಎಂದು ವಾದಿಸಿದ್ದ. ಆ ವ್ಯತ್ಯಾಸದ ಕಲ್ಪನೆ ಯಂತ್ರದೊಳಗೆ ‘ತಿದ್ದುಪಡಿ’ಯಾಗಿ ಉಳಿದುಕೊಂಡಿತು. 1999ರಲ್ಲಿ ಕಲ್ನಾರಿನ ದೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡ ಕಾರ್ಮಿಕರು ಬಾಲ್ಟಿಮೋರ್‌ನಲ್ಲಿ ಪರಿಹಾರ ಕೇಳಿದಾಗ, ಕಪ್ಪು ಕಾರ್ಮಿಕರ ಶ್ವಾಸಕೋಶ ಬಿಳಿಯರದಕ್ಕಿಂತ ಹೆಚ್ಚು ಕೆಟ್ಟಿದ್ದರೆ ಮಾತ್ರ ಮೊಕದ್ದಮೆ ನಡೆಯಲಿ ಎಂದು ಕಂಪನಿಯ ವಕೀಲರು ವಾದಿಸಿದ್ದು ಇದೇ ಆಧಾರದ ಮೇಲೆ. ನಮ್ಮಲ್ಲೂ ಬಹಳ ಪ್ರಯೋಗಾಲಯಗಳು ಐರೋಪ್ಯರ ಅಳತೆಯನ್ನು ಶೇ 10 ಇಳಿಸಿ ಅದನ್ನೇ ಭಾರತೀಯರ ಸಹಜ ಅಳತೆ ಎಂದು ಬಳಸುತ್ತ ಬಂದಿವೆ. ಬಾಲ್ಯದ ಅಪೌಷ್ಟಿಕತೆ, ಸೌದೆ ಒಲೆಯ ಹೊಗೆ, ಊರಿನ ದೂಳು ಇವುಗಳಿಂದ ಕುಗ್ಗಿದ ಉಸಿರನ್ನು ನಮ್ಮ ಹುಟ್ಟುಗುಣ ಎಂದು ಬರೆದುಕೊಂಡರೆ, ಆ ಒಲೆಯನ್ನು ಬದಲಿಸಬೇಕೆಂದು ಯಾರಿಗೆ ಅನ್ನಿಸುತ್ತದೆ?

ಎರಡು ಸೂತ್ರಗಳೂ ಒಂದೇ ತಪ್ಪು ಮಾಡಿವೆ. ಬದುಕಿನಲ್ಲಿ ಆದದ್ದನ್ನು ಮೈಯಲ್ಲಿ ಇದ್ದದ್ದು ಎಂದುಕೊಂಡಿವೆ. ಜನಾಂಗವೆಂಬುದು ಜೀವಶಾಸ್ತ್ರದ ವಸ್ತುವಲ್ಲ, ಆದರೆ ವರ್ಣಭೇದ ಜೀವಶಾಸ್ತ್ರಕ್ಕೆ ಇಳಿಯುತ್ತದೆ. ಅದು ರಕ್ತದೊತ್ತಡವಾಗಿ, ದಿನ ತುಂಬದ ಹೆರಿಗೆಯಾಗಿ ಮೈಗೆ ಬರುತ್ತದೆ. ಈ ಎರಡು ಮಾತನ್ನು ಒಟ್ಟಿಗೆ ಹಿಡಿದುಕೊಳ್ಳುವುದು ಸುಲಭವಲ್ಲ. ಬೆಂಜಮಿನ್, ಡಸ್ಟರ್, ಕಾನೂನು ವಿದ್ವಾಂಸೆ ಡೊರೊತಿ ರಾಬರ್ಟ್ಸ್, ಸಮಾಜಶಾಸ್ತ್ರಜ್ಞೆ ಅಲೋಂಡ್ರಾ ನೆಲ್ಸನ್ ಇವರೆಲ್ಲರ ಕೆಲಸದ ಕಷ್ಟವೂ ಬೆಲೆಯೂ ಅದರಲ್ಲಿದೆ.

ಕಾಣುವಿಕೆಯ ಬಗ್ಗೆ ಬೆಂಜಮಿನ್ ಹೇಳುವ ಮಾತು ನನಗೆ ಬಹಳ ಹತ್ತಿರದ್ದೆನಿಸುತ್ತದೆ. ತಂತ್ರಜ್ಞಾನ ಕೆಲವರನ್ನು ಕಾಣುವುದೇ ಇಲ್ಲ, ಅದೇ ಜನರನ್ನು ಬೇರೆ ಕಡೆ ಅತಿಯಾಗಿ ಕಾಣುತ್ತದೆ. ಫಿಲಂ ಕ್ಯಾಮೆರಾದ ಕಾಲದಲ್ಲಿ ಬಣ್ಣ ಹೊಂದಿಸಲು ಲ್ಯಾಬುಗಳು ಇಟ್ಟುಕೊಳ್ಳುತ್ತಿದ್ದ ಮಾದರಿ ಚಿತ್ರದಲ್ಲಿ ಬಿಳಿಯ ಹೆಂಗಸಿನ ಮುಖ ಇರುತ್ತಿತ್ತು. ಆ ಮುಖಕ್ಕೆ ಹೊಂದಿಸಿದ ಫಿಲಂನಲ್ಲಿ ಗಾಢ ಬಣ್ಣದ ಮುಖಗಳು ಹಲ್ಲು, ಕಣ್ಣು ಬಿಟ್ಟು ಉಳಿದದ್ದೆಲ್ಲ ಮಸಿಯಾಗಿ ಬರುತ್ತಿದ್ದವು. ಮದುವೆಯ ಆಲ್ಬಮ್ಮಿಗೆ ಮುಖಕ್ಕೆ ಪೌಡರು ಬಳಿದುಕೊಂಡು ಸ್ಟುಡಿಯೋದಲ್ಲಿ ಕೂತ ನಮ್ಮ ಹಿರಿಯರನ್ನು ನೆನೆದರೆ ಇದು ದೂರದ ಸಂಗತಿಯಲ್ಲ. ಆದರೆ ವರ್ಣಭೇದದ ದಕ್ಷಿಣ ಆಫ್ರಿಕಾಕ್ಕೆ ಕಪ್ಪು ಜನರ ಮುಖ ಸ್ಪಷ್ಟವಾಗಿ ಬೇಕಿತ್ತು, ಓಡಾಡಲು ಅನುಮತಿ ಇದೆಯೆಂದು ತೋರಿಸಲು ಅವರು ಸದಾ ಕಿಸೆಯಲ್ಲಿಟ್ಟುಕೊಳ್ಳಬೇಕಾಗಿದ್ದ ಪಾಸ್‌ಬುಕ್ಕಿಗಾಗಿ. ಅಲ್ಲಿ ಬಳಕೆಯಾದ ಪೋಲರಾಯ್ಡ್ ಕಂಪನಿಯ ಗುರುತಿನ ಚೀಟಿ ಕ್ಯಾಮೆರಾದಲ್ಲಿ ಫ್ಲ್ಯಾಷ್ ಹೆಚ್ಚಿಸುವ ಒಂದು ಗುಂಡಿ ಇತ್ತು. 1970ರಲ್ಲಿ ಅದೇ ಕಂಪನಿಯ ಕಪ್ಪು ನೌಕರರಾದ ಕ್ಯಾರೊಲಿನ್ ಹಂಟರ್, ಕೆನ್ ವಿಲಿಯಮ್ಸ್ ಇದರ ವಿರುದ್ಧ ಚಳವಳಿ ಹೂಡಿದರು. ಇಬ್ಬರೂ ಆ ಕಂಪನಿಯಿಂದ ಹೊರಬಿದ್ದರು. 1977ರಲ್ಲಿ ಕಂಪನಿ ಆ ದೇಶ ಬಿಟ್ಟಿತು.

ಮುಖ ಗುರುತಿಸುವ ಸಾಫ್ಟ್‌ವೇರಿನಲ್ಲಿ ಈ ಎರಡೂ ಒಟ್ಟಿಗೆ ನಡೆಯುತ್ತಿವೆ. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಸಾಫ್ಟ್‌ವೇರುಗಳನ್ನು ಜಾಯ್ ಬುಲಮ್‌ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಪರೀಕ್ಷಿಸಿದರು. ತಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ 0.8, ಗಾಢ ಬಣ್ಣದ ಹೆಂಗಸರ ವಿಷಯದಲ್ಲಿ ಶೇ 34.7ರವರೆಗೆ. ಇಷ್ಟು ಮಂಜುಗಣ್ಣಿನ ಜಾತಿಗೆ ಸೇರಿದ ಯಂತ್ರವನ್ನೇ ಪೊಲೀಸರು ನೆಚ್ಚಿಕೊಂಡರು. 2020ರ ಜನವರಿಯಲ್ಲಿ ಡೆಟ್ರಾಯಿಟ್ ಬಳಿ ಕಪ್ಪು ಗೃಹಸ್ಥರೊಬ್ಬರನ್ನು ಹೆಂಡತಿ, ಚಿಕ್ಕ ಹೆಣ್ಣುಮಕ್ಕಳ ಕಣ್ಣೆದುರೇ ಕೈಕೋಳ ಹಾಕಿ ಕರೆದೊಯ್ದರು. ವಾಚು ಕದ್ದ ಕಳ್ಳನ ಮಸುಕು ಚಿತ್ರಕ್ಕೆ ಅವರ ಮುಖ ಹೊಂದುತ್ತದೆ ಎಂದು ಕಂಪ್ಯೂಟರ್ ಹೇಳಿತ್ತು. ಅದು ಅವರಾಗಿರಲಿಲ್ಲ. ಆದರೆ ಎಲ್ಲ ಬಣ್ಣದ ಮುಖಗಳನ್ನೂ ಸರಿಯಾಗಿ ಗುರುತಿಸುವಂತೆ ಸಾಫ್ಟ್‌ವೇರನ್ನು ತಿದ್ದಿದರೆ ಸಮಸ್ಯೆ ಮುಗಿಯಿತೇ? ಪಾಸ್‌ಬುಕ್ಕಿನ ಫೋಟೊ ಸ್ಪಷ್ಟವಾಗಿದ್ದರೆ ಪಾಸ್‌ಬುಕ್ಕು ನ್ಯಾಯವಾಗುತ್ತದೆಯೇ ಎಂಬುದು ಬೆಂಜಮಿನ್ ಓದುಗರನ್ನು ತಂದು ನಿಲ್ಲಿಸುವ ಜಾಗ.

2021ರ ಏಪ್ರಿಲ್, ಮೇ ತಿಂಗಳು ನೆನಪಿದೆಯೇ? ದಿನಕ್ಕೆ ಮೂರು ಹೊತ್ತು ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ 94 ಎಂಬ ಸಂಖ್ಯೆಯನ್ನು ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು. ಅದಕ್ಕಿಂತ ಇಳಿದರೆ ಆಸ್ಪತ್ರೆ ಹುಡುಕಬೇಕು. ಆ ಪುಟ್ಟ ಯಂತ್ರ ಬೆರಳಿನ ಮೂಲಕ ಬೆಳಕು ಹಾಯಿಸಿ ಆಮ್ಲಜನಕ ಅಳೆಯುತ್ತದೆ, ಚರ್ಮದ ಕಪ್ಪು ಆ ಬೆಳಕಿನ ಲೆಕ್ಕವನ್ನು ಸ್ವಲ್ಪ ಕೆಡಿಸುತ್ತದೆ. 2020ರ ಡಿಸೆಂಬರ್‌ನಲ್ಲಿ ಮಿಷಿಗನ್ನಿನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದ ಪ್ರಸಂಗಗಳು ಬಿಳಿಯರಲ್ಲಿ ಶೇ 3.6, ಕಪ್ಪು ರೋಗಿಗಳಲ್ಲಿ ಶೇ 11.7. ಅಮೆರಿಕದ ನಿಯಂತ್ರಕರ ಹಳೆಯ ಮಾರ್ಗಸೂಚಿಯಲ್ಲಿ ಹತ್ತು ಜನರ ಮೇಲೆ ಪರೀಕ್ಷಿಸಿ, ಅದರಲ್ಲಿ ಇಬ್ಬರು ಗಾಢ ಬಣ್ಣದವರಿದ್ದರೆ ಸಾಕಿತ್ತು. 2025ರ ಜನವರಿಯ ಕರಡು ಕನಿಷ್ಠ 150 ಜನ ಬೇಕು ಎನ್ನುತ್ತದೆ. ಆ ಯಂತ್ರವನ್ನು ಹಿಡಿದು ನಮ್ಮ ಆಶಾ ಕಾರ್ಯಕರ್ತೆಯರು ಮನೆಮನೆ ಸುತ್ತಿದರು. ಬಿಸಿಲಲ್ಲಿ ದುಡಿದು ಕಪ್ಪಾದ ಬೆರಳುಗಳ ಮೇಲೆ ಅದು ತೋರಿಸಿದ 94 ಎಷ್ಟು ನಿಜವಿತ್ತು ಎಂಬ ಪ್ರಶ್ನೆ ಆ ಹೊತ್ತಿಗೆ ಯಾರ ಬಾಯಲ್ಲೂ ಬರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಅಮೆರಿಕದ ಜನಾಂಗದ ಚರ್ಚೆಯನ್ನು ಎತ್ತಿ ನಮ್ಮ ಜಾತಿಯ ಮೇಲೆ ಹಾಗೆಯೇ ಹೊದಿಸುವುದು ತಪ್ಪು. ಜಾತಿಯನ್ನು ಜನಾಂಗವೆಂದು ಓದುವ ಕೆಲಸವನ್ನು ಬ್ರಿಟಿಷರು ಆಗಲೇ ಮಾಡಿದ್ದರು. 1901ರ ಜನಗಣತಿಯ ಆಯುಕ್ತ ಹರ್ಬರ್ಟ್ ರಿಸ್ಲಿ ಮೂಗಿನ ಅಗಲ, ಉದ್ದ ಅಳೆದು ಜಾತಿಯ ಏಣಿಗೂ ಅದಕ್ಕೂ ನಂಟಿದೆ ಎಂದ. ಪಂಜಾಬಿನ ಬ್ರಾಹ್ಮಣರೂ ಅಲ್ಲಿನ ಅಸ್ಪೃಶ್ಯರೂ ಒಂದೇ ಮೂಲದವರು, ಮದ್ರಾಸಿನಲ್ಲೂ ಹಾಗೆಯೇ, ಜಾತಿ ಜನಾಂಗದ ವಿಭಜನೆಯಲ್ಲ ಎಂದು ಅಂಬೇಡ್ಕರ್ 1936ರಲ್ಲಿ ಖಂಡಿತವಾಗಿ ಹೇಳಿದರು. ಮುಂದೆ ಅವರು ಮೂಗಿನ ಅಳತೆಯ ಅಂಕಿಗಳನ್ನೇ ಎತ್ತಿಕೊಂಡು ಆ ವಾದವನ್ನು ಮುರಿದರು. ವೆಲ್ಸ್ ಮಾಡಿದ್ದಕ್ಕೂ ಇದಕ್ಕೂ ಹೋಲಿಕೆ ಕಾಣುತ್ತದೆ: ಎದುರಾಳಿಯ ಪುಸ್ತಕದಿಂದಲೇ ಲೆಕ್ಕ ತೆಗೆಯುವುದು.

ನಿಜವಾದ ನಂಟು ಬೇರೆ ಕಡೆ ಇದೆ. ಬೆಂಜಮಿನ್‌ರ ಮೊದಲ ಪುಸ್ತಕ 2013ರದು, ವಿಷಯ ಸ್ಟೆಮ್ ಸೆಲ್, ಅಂದರೆ ಮೈಯ ಬೇರೆ ಬೇರೆ ಭಾಗಗಳಾಗಿ ಬೆಳೆಯಬಲ್ಲ ಜೀವಕೋಶಗಳ ಸಂಶೋಧನೆ. 2004ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಅದಕ್ಕೆ 300 ಕೋಟಿ ಡಾಲರ್ ಸಾರ್ವಜನಿಕ ಹಣ ಕೊಡಲು ಒಪ್ಪಿದರು. ಜನರ ಹಣ, ಜನರ ಮೈ, ಆದರೆ ಫಲ ಯಾರಿಗೆ ಎಂದು ಕೇಳುತ್ತ ಅವರು ಸಿಕಲ್ ಸೆಲ್ ರೋಗಿಗಳ ಕುಟುಂಬಗಳ ಹತ್ತಿರ ಹೋದರು. ಅಮೆರಿಕದಲ್ಲಿ ಸಿಕಲ್ ಸೆಲ್ ಎಂದರೆ ಕಪ್ಪು ಜನರ ರೋಗ. ನಿಜದಲ್ಲಿ ಅದು ಮಲೇರಿಯಾ ಇದ್ದ ನೆಲದ ರೋಗ. ಒಬ್ಬ ತಂದೆ ಅಥವಾ ತಾಯಿಯಿಂದ ಮಾತ್ರ ಆ ವಂಶವಾಹಿ ಬಂದರೆ ಮಲೇರಿಯಾದಿಂದ ರಕ್ಷಣೆ, ಇಬ್ಬರಿಂದಲೂ ಬಂದರೆ ಕುಡುಗೋಲಿನಂತೆ ಬಾಗಿದ ಕೆಂಪು ರಕ್ತಕಣ ಮತ್ತು ಮೂಳೆ ಮುರಿಯುವ ನೋವು. ಗ್ರೀಸಿನಲ್ಲಿದೆ, ಅರೇಬಿಯಾದಲ್ಲಿದೆ. 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಪತ್ತೆಯಾಯಿತು. ಅದೇ ಕಾಡಿನ ಈಚೆ ಬದಿಯ ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಹಾಡಿಗಳಲ್ಲೂ ಇದೆ. ಇಲ್ಲಿ ಅದಕ್ಕೆ ‘ಆದಿವಾಸಿಗಳ ರೋಗ’ ಎಂಬ ಹೆಸರು.

2023ರ ಡಿಸೆಂಬರ್‌ನಲ್ಲಿ ಅಮೆರಿಕ ಇದಕ್ಕೆ ವಂಶವಾಹಿಯನ್ನೇ ತಿದ್ದುವ ಚಿಕಿತ್ಸೆ ಒಪ್ಪಿತು. ಒಬ್ಬ ರೋಗಿಗೆ 22 ಲಕ್ಷ ಡಾಲರ್. ಅದೇ ವರ್ಷದ ಜುಲೈನಲ್ಲಿ ನಮ್ಮ ಕೇಂದ್ರ ಸರ್ಕಾರ ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುಮಾಡಿದ ಅಭಿಯಾನದ ಗುರಿ 7 ಕೋಟಿ ಜನರ ತಪಾಸಣೆ, 2047ಕ್ಕೆ ರೋಗ ನಿರ್ಮೂಲನೆ. ಕರ್ನಾಟಕವೂ ಅದರಲ್ಲಿದೆ. ತಪಾಸಣೆ ಆಗಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಪರೀಕ್ಷೆಯೇ ಆಗದೆ ಸತ್ತ ಮಕ್ಕಳು ಯಾವ ಲೆಕ್ಕಕ್ಕೂ ಸೇರಿಲ್ಲ. ಆದರೆ ಅಮೆರಿಕ ಈ ದಾರಿಯಲ್ಲಿ ಐವತ್ತು ವರ್ಷ ಮುಂಚೆಯೇ ನಡೆದಿತ್ತು, ಆ ನಡಿಗೆಯನ್ನು ದಾಖಲಿಸಿದವರು ಡಸ್ಟರ್ ಮತ್ತು ನೆಲ್ಸನ್. 1971ರಲ್ಲಿ ಕಪ್ಪು ಜನರ ಹೋರಾಟದ ಸಂಘಟನೆಯಾದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ತಾವೇ ಬೀದಿಗಿಳಿದು ತಮ್ಮ ಜನರ ರಕ್ತ ಪರೀಕ್ಷೆ ಮಾಡತೊಡಗಿದರು. 1972ರಲ್ಲಿ ಸರ್ಕಾರವೂ ಕಾನೂನು ತಂದಿತು. ಹಲವು ರಾಜ್ಯಗಳು ಕಪ್ಪು ಮಕ್ಕಳಿಗೆ ತಪಾಸಣೆಯನ್ನು ಕಡ್ಡಾಯ ಮಾಡಿದವು. ಆಮೇಲೆ ನಡೆದದ್ದೇ ಬೇರೆ. ರೋಗವೇ ಇಲ್ಲದ, ವಂಶವಾಹಿಯನ್ನು ಬರೇ ಹೊತ್ತಿದ್ದ ಆರೋಗ್ಯವಂತರಿಗೆ ವಿಮೆ ಸಿಗಲಿಲ್ಲ, ಕೆಲವರಿಗೆ ಕೆಲಸ ಸಿಗಲಿಲ್ಲ. ವಾಯುಪಡೆಯ ಅಕಾಡೆಮಿ ಅಂಥವರನ್ನು 1981ರವರೆಗೂ ಸೇರಿಸಿಕೊಳ್ಳಲಿಲ್ಲ. ಅದೇ ಪರೀಕ್ಷೆ, ಅದೇ ರಕ್ತದ ಹನಿ. ಪ್ಯಾಂಥರ್‌ಗಳ ಕೈಯಲ್ಲಿ ಅದು ಆರೈಕೆಯಾಗಿತ್ತು, ವಿಮಾ ಕಂಪನಿಯ ಕಡತದಲ್ಲಿ ತಡೆಗೋಡೆಯಾಯಿತು.

ಅಮೆರಿಕದಲ್ಲಿ ಈಗ ಇಂಥ ಪ್ರಶ್ನೆಗಳನ್ನು ಕೇಳುವ ಜಾಗಗಳೇ ಕಿರಿದಾಗುತ್ತಿವೆ. ಶ್ವೇತಭವನದ ವಿಜ್ಞಾನ ಕಚೇರಿಯಲ್ಲಿದ್ದ ನೆಲ್ಸನ್ ನೇತೃತ್ವದಲ್ಲಿ 2022ರ ಅಕ್ಟೋಬರ್‌ನಲ್ಲಿ ಕೃತಕ ಬುದ್ಧಿಮತ್ತೆಯ ಎದುರು ನಾಗರಿಕರ ಹಕ್ಕುಗಳ ಕರಡು ಬಂದಿತ್ತು. 2025ರ ಜನವರಿಯಲ್ಲಿ ಹೊಸ ಸರ್ಕಾರ ಹಿಂದಿನವರ ಕೃತಕ ಬುದ್ಧಿಮತ್ತೆ ಆದೇಶವನ್ನು ರದ್ದುಮಾಡಿತು. ಮಾರ್ಚ್‌ನ ಅಧ್ಯಕ್ಷರ ಆದೇಶವೊಂದು, ಜನಾಂಗ ಜೀವಶಾಸ್ತ್ರದ ವಾಸ್ತವವಲ್ಲ, ಸಮಾಜ ಕಟ್ಟಿದ್ದು ಎಂದು ತೋರಿಸಿದ್ದಕ್ಕೆ ವಸ್ತುಸಂಗ್ರಹಾಲಯಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆಯ ಪ್ರದರ್ಶನವೊಂದನ್ನು ದೂರಿತು. ಮೇ ತಿಂಗಳಲ್ಲಿ ನೆಲ್ಸನ್ ರಾಷ್ಟ್ರೀಯ ವಿಜ್ಞಾನ ಮಂಡಳಿಗೆ ರಾಜೀನಾಮೆ ಕೊಟ್ಟರು.

ಬೆಂಜಮಿನ್‌ರ ಇತ್ತೀಚಿನ ಬರಹಗಳು ಕಲ್ಪನೆಯ ಬಗ್ಗೆ. ಬೇರೆಯವರ ಕಲ್ಪನೆಯೊಳಗೆ ನಾವು ಬದುಕುತ್ತಿದ್ದೇವೆ, ನಮ್ಮದನ್ನು ನಾವು ಕಟ್ಟಿಕೊಳ್ಳಬೇಕು ಎನ್ನುತ್ತಾರೆ. ಒಪ್ಪುತ್ತೇನೆ. ಆದರೂ ಕಿಡ್ನಿಯ ಸೂತ್ರ ಬದಲಾದದ್ದು ಸಮಿತಿ, ಸಭೆ, ನಡಾವಳಿ, ಹಳೆಯ ಕಡತ ತೆಗೆಯುವ ಗುಮಾಸ್ತರು ಇಂಥ ಬೇಸರದ ಕೆಲಸದಿಂದ. ಅದಕ್ಕೆ ಅವರ ಬರಹದಲ್ಲಿ ಇನ್ನಷ್ಟು ಜಾಗ ಇರಬೇಕಿತ್ತು ಎಂದು ನನಗನ್ನಿಸುತ್ತದೆ.

ಶಹಡೋಲ್‌ನಲ್ಲಿ ಆ ದಿನ ಪ್ರಧಾನಿ ಫಲಾನುಭವಿಗಳಿಗೆ ಕಾರ್ಡು ಹಂಚಿದರು. ಆ ವಂಶವಾಹಿ ಇದೆಯೇ, ಇಲ್ಲವೇ ಎಂದು ಬರೆದ ಕಾರ್ಡು, ಮದುವೆಗೆ ಮುಂಚೆ ಹುಡುಗ ಹುಡುಗಿಯ ಕಾರ್ಡು ಇಟ್ಟು ನೋಡಲೆಂದು. ಆ ಕಾರ್ಡು ನಮ್ಮ ಹಾಡಿಗಳಿಗೂ ಬರುತ್ತದೆ. ಅದನ್ನು ಹಿಡಿದ ಹುಡುಗಿ ನಾಳೆ ಕೆಲಸ ಕೇಳಿಕೊಂಡು ಮೈಸೂರಿಗೆ ಹೋದಾಗ, ವಿಮೆಯ ಅರ್ಜಿ ತುಂಬುವಾಗ, ಗಂಡಿನ ಮನೆಯವರು ನೋಡಲು ಬಂದಾಗ, ಅದನ್ನು ತೋರಿಸು ಎಂದು ಯಾರು ಯಾರು ಕೇಳಬಹುದು, ಕೇಳಿದಾಗ ತೋರಿಸುವುದಿಲ್ಲ ಎನ್ನುವ ಹಕ್ಕು ಅವಳಿಗಿದೆಯೇ ಎಂಬುದನ್ನು ಕಾರ್ಡು ಅಚ್ಚಾಗುವ ಮೊದಲೇ ಬರೆದಿಡಬೇಕು.